ಬಿಲ್ ಪಾವತಿಯ ಸೌಲಭ್ಯಕ್ಕೆ ಪ್ರತ್ಯೇಕ ಹಣ ಕೊಡಬೇಕೆ?

ಪ್ರಶ್ನೆ: ಬೆಟಗೇರಿಯಲ್ಲಿ ನಮ್ಮದೊಂದು ಚಿಕ್ಕ ಮುದ್ರಣಾಲಯವಿದೆ. ಕಾಗದ, ಶಾಯಿ, ಪ್ಲೇಟು, ಬೈಂಡಿಂಗ್ ಕೂಲಿ, ಹೆಸ್ಕಾಂ ಬಿಲ್ಲು ಎಲ್ಲ ಸೇರಿ ತಿಂಗಳಿಗೆ ಸುಮಾರು 30 ಪಾವತಿಗಳಾಗುತ್ತವೆ. ತಿಂಗಳಿಗೆ 600 ರೂಪಾಯಿ ಹೆಚ್ಚು ಕೊಟ್ಟರೆ ಲೆಕ್ಕದ ತಂತ್ರಾಂಶದೊಳಗಿಂದಲೇ ಬಿಲ್ಲುಗಳಿಗೆ ಹಣ ಕಳಿಸಬಹುದೆಂದು ಅದರ ಕಂಪನಿಯವರು ಹೇಳುತ್ತಿದ್ದಾರೆ. ತೆಗೆದುಕೊಳ್ಳಬೇಕೆ?
– ಓದುಗರು, ಗದಗ

ಉತ್ತರ: ಸದ್ಯಕ್ಕೆ ಬೇಡವೆಂದೇ ನನ್ನ ಅಭಿಪ್ರಾಯ. ಆದರೆ ಕಾರಣ ತಿಳಿದು ನಿರ್ಧರಿಸಿದರೆ ಮುಂದೆ ವ್ಯವಹಾರ ಬೆಳೆದಾಗ ಮತ್ತೆ ಯಾರನ್ನೂ ಕೇಳಬೇಕಾಗುವುದಿಲ್ಲ.

ಹಣ ಕಳಿಸುವ ಕೆಲಸವೇ ಈಗ ದುಬಾರಿಯಲ್ಲ. ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ಹಣ ಕಳಿಸುವ ನೆಫ್ಟ್ ವ್ಯವಸ್ಥೆಯ ಮೂಲಕ 10,000ದಿಂದ ಒಂದು ಲಕ್ಷ ರೂಪಾಯಿವರೆಗಿನ ಮೊತ್ತ ಕಳಿಸಲು ಬ್ಯಾಂಕುಗಳು ಗರಿಷ್ಠ 5 ರೂಪಾಯಿ ಶುಲ್ಕವನ್ನಷ್ಟೇ ಪಡೆಯಬಹುದೆಂದು ರಿಸರ್ವ್ ಬ್ಯಾಂಕ್ ಮಿತಿ ಹಾಕಿದ್ದು, ಚಾಲ್ತಿ ಖಾತೆಗೂ ಆನ್‌ಲೈನ್ ನೆಫ್ಟ್ ಅನ್ನು ಉಚಿತವಾಗಿ ಕೊಡುವ ಬ್ಯಾಂಕುಗಳಿವೆ. ನಿಮ್ಮ 30 ಪಾವತಿಗಳಿಗೂ 5 ರೂಪಾಯಿಯಂತೆ ಹಿಡಿದರೆ 150, ಜಿಎಸ್‌ಟಿ ಸೇರಿ 177 ರೂಪಾಯಿ ಆಗುತ್ತದೆ. ಹೀಗಿರುವಾಗ ಆ 600 ರೂಪಾಯಿ ಹಣ ಕಳಿಸುವುದಕ್ಕಲ್ಲ, ಕಳಿಸಿದ ಹಣವನ್ನು ಬಿಲ್ಲಿನೊಂದಿಗೆ ತಾಳೆ ಹಾಕಿ ಲೆಕ್ಕಕ್ಕೆ ಹತ್ತಿಸುವ ಶ್ರಮಕ್ಕೆ. ಆ ಶ್ರಮ ನಿಮ್ಮಲ್ಲಿ ಎಷ್ಟಿದೆ ಎಂಬುದನ್ನೇ ಮೊದಲು ನೋಡಬೇಕು.

ಒಂದು ಉದಾಹರಣೆ ನೋಡೋಣ. ಹುಬ್ಬಳ್ಳಿಯ ಕಾಗದದ ವರ್ತಕರ 18,400, 22,750 ಮತ್ತು 9,300 ರೂಪಾಯಿಗಳ ಮೂರು ಬಿಲ್ಲುಗಳಿಗೆ, ಒದ್ದೆಯಾಗಿ ಬಂದ ರೀಮುಗಳ ಬಾಬತ್ತು 1,200 ರೂಪಾಯಿ ಮುರಿದುಕೊಂಡು, ನೀವು ಒಂದೇ ಸಲ 49,250 ರೂಪಾಯಿ ಕಳಿಸಿದ್ದೀರಿ ಎಂದುಕೊಳ್ಳಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಆ ಒಂದು ಮೊತ್ತ ಮತ್ತು ಆ ಪಾವತಿಯ ಗುರುತಾದ ಯುಟಿಆರ್ ಸಂಖ್ಯೆ ಮಾತ್ರ. ಮುರಿದುಕೊಂಡದ್ದಕ್ಕೆ ಡೆಬಿಟ್ ನೋಟ್ (ಇಂಥ ಕಾರಣಕ್ಕೆ ಇಷ್ಟು ಮುರಿದುಕೊಂಡಿದ್ದೇವೆ ಎಂದು ವರ್ತಕರಿಗೆ ತಿಳಿಸುವ ಚೀಟಿ) ಬರೆದಿಡದಿದ್ದರೆ ಎರಡು ತಿಂಗಳ ನಂತರ ಅವರ ಖಾತೆಯಲ್ಲಿ 1,200 ರೂಪಾಯಿ ಬಾಕಿ ಎಂದೇ ಉಳಿದಿರುತ್ತದೆ, ವಿನಾಕಾರಣ ಮನಸ್ತಾಪಕ್ಕೂ ಎಡೆಯಾಗುತ್ತದೆ. ಹಣ ಕೊಟ್ಟು ಪಡೆಯುವ ಸೌಲಭ್ಯವು ಬಿಲ್ಲುಗಳನ್ನು ಆರಿಸಿ ಹಣ ಕಳಿಸಲು ಬಿಡುವುದರಿಂದ ಜಮೆ-ಖರ್ಚು ತಾನಾಗಿ ಬರೆದುಕೊಳ್ಳುವುದು ನಿಜ. ಆದರೆ ಆ ಡೆಬಿಟ್ ನೋಟನ್ನು ಆಗಲೂ ನೀವೇ ಬರೆಯಬೇಕು. ಪಾವತಿಯನ್ನು ಬಿಲ್‌ವಾರು ಹೊಂದಿಸುವ ಮತ್ತು ಬ್ಯಾಂಕ್ ಖಾತೆಯೊಂದಿಗೆ ತಾಳೆ ನೋಡುವ ವ್ಯವಸ್ಥೆ ಟ್ಯಾಲಿಯಂಥ ತಂತ್ರಾಂಶಗಳ ಮೂಲ ಪರವಾನಗಿಯಲ್ಲೇ ಇದೆ. ತಿಂಗಳಿಗೆ 30 ಪಾವತಿಗಳಾದರೆ ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಕುಳಿತು ಈ ಕೆಲಸವನ್ನು ಮುಗಿಸಬಹುದು.

ಬಿಲ್ಲಿನ ಗಡುವು ನೆನಪಿಸುವುದನ್ನೂ ಇಂಥ ಸೌಲಭ್ಯದ ಹೆಗ್ಗಳಿಕೆಯಾಗಿ ಹೇಳುತ್ತಾರೆ. ನಿಮ್ಮ ಮಟ್ಟಿಗೆ ಗಡುವು ನಿಜಕ್ಕೂ ಮುಖ್ಯವಾಗುವುದು ಬೈಂಡಿಂಗ್‌ನವರ ವಿಷಯದಲ್ಲಿ. ಉದ್ಯಮ್ ನೋಂದಣಿ (ಕೇಂದ್ರ ಸರ್ಕಾರದಲ್ಲಿ ಸಣ್ಣ ಉದ್ದಿಮೆಗಳು ಮಾಡಿಸುವ ನೋಂದಣಿ) ಇರುವ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನಗಳೊಳಗೆ, ಇದ್ದರೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ಹಣ ಸಲ್ಲಿಸಿದ ವರ್ಷದಲ್ಲಷ್ಟೇ ಆ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸಲು ಬರುತ್ತದೆ. ಕೇವಲ ಕೊಂಡು ಮಾರುವ ಕಾಗದದ ವರ್ತಕರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಬೈಂಡಿಂಗ್‌ನವರ ಬಿಲ್ಲು ಬಂದ ದಿನವೇ ಗಡುವಿನ ತಾರೀಖು ಸಮೇತ ನಮೂದಿಸಿದರೆ ಈಗಿರುವ ತಂತ್ರಾಂಶದ ಬಾಕಿ ಪಟ್ಟಿಯೇ ನಿಮ್ಮನ್ನು ಎಚ್ಚರಿಸುತ್ತದೆ. ದುಡಿದವರ ಹಣ ಹೊತ್ತಿಗೆ ಸರಿಯಾಗಿ ಸೇರಬೇಕೆಂಬುದು ತೆರಿಗೆಗಿಂತ ದೊಡ್ಡ ಮಾತು ಎಂದು ನಾನು ನಂಬುತ್ತೇನೆ.

ಪಾವತಿಗಳು ತಿಂಗಳಿಗೆ ನೂರು ದಾಟಿದರೆ, ಇಲ್ಲವೆ ಗುಮಾಸ್ತರು ಸಿದ್ಧಪಡಿಸಿದ ಪಾವತಿಯನ್ನು ನೀವು ಊರಿನಲ್ಲಿ ಇಲ್ಲದಾಗಲೂ ನೋಡಿ ಮಂಜೂರು ಮಾಡುವ ಪ್ರಸಂಗ ಬಂದರೆ, ಈ ಸೌಲಭ್ಯ ಕೊಟ್ಟ ಹಣಕ್ಕೆ ತಕ್ಕುದಾಗಬಹುದು. ಇಬ್ಬರ ಒಪ್ಪಿಗೆಯ ಈ ಏರ್ಪಾಡು ನಿಮ್ಮ ಬ್ಯಾಂಕಿನ ವ್ಯಾಪಾರಿ ನೆಟ್ ಬ್ಯಾಂಕಿಂಗ್‌ನಲ್ಲೇ ಇದೆಯೇ ಎಂದು ಶಾಖೆಯಲ್ಲಿ ಮೊದಲು ವಿಚಾರಿಸಿರಿ. ಆಗಲೂ ಹಣ ನಿಮ್ಮ ಖಾತೆಯಿಂದ ನೇರವಾಗಿ ಹೋಗುತ್ತದೆಯೋ ಅಥವಾ ನಡುವೆ ಬೇರೊಂದು ಖಾತೆಯಲ್ಲಿ ತಂಗುತ್ತದೆಯೋ, ಪಾವತಿ ವಿಫಲವಾದರೆ ಎಷ್ಟು ದಿನಕ್ಕೆ ಮರಳುತ್ತದೆ, ಪ್ರತಿ ಪಾವತಿಗೂ ಬೇರೆ ಶುಲ್ಕವಿದೆಯೇ, ಚಂದಾ ನಿಲ್ಲಿಸಿದರೆ ಹಳೆಯ ಪಾವತಿಗಳ ದಾಖಲೆ ಕೈಗೆ ಸಿಗುತ್ತದೆಯೇ ಎಂಬುದನ್ನು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ವಾರ್ಷಿಕ ಚಂದಾಕ್ಕೆ ರಿಯಾಯಿತಿ ತೋರಿಸಿದರೂ ಮೊದಲು ತಿಂಗಳ ಲೆಕ್ಕದಲ್ಲೇ ನೋಡಿರಿ.

ಪ್ರಶ್ನೆ: ಮನೆಯ ಖರ್ಚುವೆಚ್ಚ ಬರೆಯುವ ಆ್ಯಪ್ ಒಂದು, ವಾರ್ಷಿಕ ಶುಲ್ಕ ಕೊಟ್ಟರೆ ವಿದ್ಯುತ್ ಮತ್ತು ಫೋನ್ ಬಿಲ್ಲನ್ನು ತಾನೇ ಕಟ್ಟುವುದಾಗಿ ಹೇಳುತ್ತದೆ. ಸೇರಬಹುದೆ?
– ಓದುಗರು, ಹಾವೇರಿ

ಉತ್ತರ: ಅದರ ಅಗತ್ಯವಿಲ್ಲ. ಹೆಸ್ಕಾಂ ಬಿಲ್ಲನ್ನು ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲೋ ಯುಪಿಐ ಆ್ಯಪ್‌ನಲ್ಲೋ ಭಾರತ್ ಬಿಲ್ ಪಾವತಿ ವ್ಯವಸ್ಥೆಯ ಮೂಲಕ ಕಟ್ಟಬಹುದು. ಮೊದಲ ಸಲ ಗ್ರಾಹಕ ಸಂಖ್ಯೆ ದಾಖಲಿಸಿದರೆ ಮುಂದೆ ಬಿಲ್ಲಿನ ಮೊತ್ತ ಅಲ್ಲೇ ಕಾಣಿಸುತ್ತದೆ. ತಾನಾಗಿ ಕಡಿತವಾಗಬೇಕೆಂದರೆ ಒಮ್ಮೆ ಅನುಮತಿ ಕೊಟ್ಟು, ಬೇಸಿಗೆಯಲ್ಲಿ ಏರುವ ಬಿಲ್ಲನ್ನೂ ಲೆಕ್ಕಕ್ಕೆ ಹಿಡಿದು ಗರಿಷ್ಠ ಮಿತಿ ಹಾಕಿರಿ. 15,000 ರೂಪಾಯಿವರೆಗಿನ ಇಂಥ ಕಡಿತಕ್ಕೆ ಪ್ರತಿ ಸಲ ಒಟಿಪಿ ಬೇಕಿಲ್ಲ, ಆದರೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಸೂಚನೆಯಲ್ಲಿರುವ ಮೊತ್ತ ಎಂದಿಗಿಂತ ಹೆಚ್ಚೆನಿಸಿದರೆ ಅಷ್ಟರೊಳಗೆ ಆ ಕಡಿತವನ್ನು ತಡೆದು, ಮೀಟರಿನ ರೀಡಿಂಗ್ ತಾಳೆ ನೋಡಿ, ಹೆಸ್ಕಾಂ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಕಟ್ಟಿರಿ.