ಕ್ವಾಂಟಂ ಡಾಟ್ ಜೋಡಿಸಿದರೂ ರೆಸೊನೇಟರ್‌ನ ಶಿಖರ ಎರಡಾಗಿ ಸೀಳದಿರುವುದು ಏಕೆ?

ಜೋಡಿ ಕ್ವಾಂಟಂ ಡಾಟನ್ನು (ಎಲೆಕ್ಟ್ರಾನನ್ನು ಹಿಡಿದಿಡುವ ಅಕ್ಕಪಕ್ಕದ ಎರಡು ಅತಿಸಣ್ಣ ಅರೆವಾಹಕ ಗುಳಿಗಳನ್ನು) 50 ಓಮ್‌ನ ಅತಿವಾಹಕ ಮೈಕ್ರೋವೇವ್ ರೆಸೊನೇಟರ್‌ಗೆ (ಒಂದು ನಿರ್ದಿಷ್ಟ ಆವರ್ತನದ ಫೋಟಾನ್‌ಗಳನ್ನು ಹಿಡಿದಿಡುವ ಮಂಡಲಕ್ಕೆ) ಜೋಡಿಸಿದಾಗ ಅನುರಣನದ ಶಿಖರ ತುಸು ಸರಿದು ಅಗಲವಾಗುತ್ತದೆಯೇ ಹೊರತು ಎರಡಾಗಿ ಸೀಳುವುದಿಲ್ಲ, ರೆಸೊನೇಟರ್‌ನ ಇಂಪೀಡೆನ್ಸ್ (ವೋಲ್ಟೇಜ್ ಮತ್ತು ವಿದ್ಯುತ್ ಪ್ರವಾಹದ ಅನುಪಾತ) ಹೆಚ್ಚಿಸಿದರೆ ಸಾಕೇ ಎಂದು ಕೇಳಿದ್ದೀರಿ. ಹೆಚ್ಚಿಸುವುದರಿಂದ ಪ್ರಯೋಜನ ಖಂಡಿತ ಇದೆ, ಆದರೆ ನಾನಾಗಿದ್ದರೆ ಮೊದಲು ನಷ್ಟ ಎಲ್ಲಿದೆ ಎಂದು ಹುಡುಕುತ್ತೇನೆ.

ಶಿಖರ ಸೀಳಬೇಕಾದರೆ ಎಲೆಕ್ಟ್ರಾನ್ ಮತ್ತು ಫೋಟಾನ್‌ಗಳ ನಡುವಿನ ಜೋಡಣೆಯ ದರವು, ಫೋಟಾನ್ ಸೋರಿಹೋಗುವ ದರವನ್ನೂ ಎಲೆಕ್ಟ್ರಾನಿನ ಕ್ವಾಂಟಂ ಸ್ಥಿತಿ ಕೆಡುವ ದರವನ್ನೂ ಮೀರಬೇಕು. 2012ರ ಸುಮಾರಿನ ಪ್ರಯೋಗಗಳಲ್ಲಿ ಜೋಡಣೆ ಹತ್ತಾರು ಮೆಗಾಹರ್ಟ್ಸ್ ಇದ್ದರೂ ಸೀಳು ಕಾಣಲಿಲ್ಲ, ಏಕೆಂದರೆ ಎಲೆಕ್ಟ್ರಾನಿನ ಸ್ಥಿತಿ ಅದಕ್ಕಿಂತ ಬೇಗ ಕೆಡುತ್ತಿತ್ತು. 2017ರಲ್ಲಿ ಪ್ರಿನ್ಸ್‌ಟನ್ ತಂಡ ಸಿಲಿಕಾನ್ ಡಾಟ್‌ನಲ್ಲಿ ಕಂಡ ಸೀಳು ಸುಮಾರು 13 ಮೆಗಾಹರ್ಟ್ಸ್ ಮಾತ್ರ. ಅಲ್ಲಿ ನಷ್ಟಗಳು ಅದಕ್ಕಿಂತಲೂ ಚಿಕ್ಕವಾಗಿದ್ದುದೇ ಗೆಲುವಿಗೆ ಕಾರಣ. ಅದೇ ವರ್ಷ ಜ್ಯೂರಿಕ್‌ನ ಇಟಿಎಚ್ ತಂಡ ಸ್ಕ್ವಿಡ್‌ಗಳ (ಅತಿವಾಹಕದ ಪುಟ್ಟ ಕುಣಿಕೆಗಳ) ಸಾಲಿನಿಂದ ಸುಮಾರು 1.8 ಕಿಲೋಓಮ್‌ನ ರೆಸೊನೇಟರ್ ಕಟ್ಟಿ, ಗ್ಯಾಲಿಯಂ ಆರ್ಸೆನೈಡ್‌ನಲ್ಲಿ 238 ಮೆಗಾಹರ್ಟ್ಸ್ ಸೀಳನ್ನು ಪಡೆಯಿತು. ಜೋಡಣೆಯು ಇಂಪೀಡೆನ್ಸ್‌ನ ವರ್ಗಮೂಲದಂತೆ ಏರುವುದರಿಂದ, 50 ಓಮ್‌ನಿಂದ 1.8 ಕಿಲೋಓಮ್‌ಗೆ ಹೋದರೆ ಸಿಗುವುದು ಆರು ಪಟ್ಟು ಮಾತ್ರ ಎಂಬುದು ಗಮನದಲ್ಲಿರಲಿ.

ಆದ್ದರಿಂದ ಮೊದಲು ಡಾಟ್‌ಗಳನ್ನು ನಿಯಂತ್ರಿಸುವ ಗೇಟ್‌ಗಳ (ಲೋಹದ ವಿದ್ಯುದ್ವಾರಗಳ) ವೋಲ್ಟೇಜುಗಳನ್ನು ಎಲೆಕ್ಟ್ರಾನ್ ಎಲ್ಲಿಗೂ ಜಿಗಿಯಲಾರದ ಬಿಂದುವಿಗೆ ಒಯ್ದು, ಶಿಖರದ ಅಗಲವನ್ನು ಅಳೆಯಿರಿ. 6 ಗಿಗಾಹರ್ಟ್ಸ್‌ನಲ್ಲಿ ಅಗಲ 6 ಮೆಗಾಹರ್ಟ್ಸ್ ಬಂದರೆ ಗುಣಮಟ್ಟದ ಅಂಕ (Q, ಅಂದರೆ ಆವರ್ತನವನ್ನು ಅಗಲದಿಂದ ಭಾಗಿಸಿದ ಸಂಖ್ಯೆ) ಬರೀ 1000, ಮತ್ತು ಡಾಟ್‌ನ ಪಾತ್ರವೇ ಇಲ್ಲದ ಈ ನಷ್ಟಕ್ಕೆ ಬಹುಮಟ್ಟಿಗೆ ಗೇಟ್ ತಂತಿಗಳೇ ಕಾರಣವಾಗಿರುತ್ತವೆ. ರೆಸೊನೇಟರ್‌ಗೆ ಅಂಟಿದಂತಿರುವ ಆ ತಂತಿಗಳ ಮೂಲಕ ಫೋಟಾನ್ ಹೊರಗೆ ಹರಿಯುತ್ತದೆ; ಪ್ರತಿ ತಂತಿಗೂ ಚಿಪ್‌ನ ಮೇಲೆಯೇ ಎಲ್‌ಸಿ ಫಿಲ್ಟರ್ (ಸುರುಳಿ ಮತ್ತು ಧಾರಕದಿಂದ ಮೈಕ್ರೋವೇವನ್ನು ತಡೆಯುವ ಮಂಡಲ) ಹಾಕುವುದು ಪರಿಹಾರ. ಹೆಚ್ಚು ಇಂಪೀಡೆನ್ಸ್‌ನ ರೆಸೊನೇಟರ್‌ಗೆ ಸ್ವಂತ ಧಾರಕತೆ ಕಡಿಮೆಯಿರುವುದರಿಂದ ಈ ಸೋರಿಕೆ ಅಲ್ಲಿ ಇನ್ನೂ ಹೆಚ್ಚುತ್ತದೆ, ಹಾಗಾಗಿ ಫಿಲ್ಟರ್ ಇಲ್ಲದೆ ಆ ದಾರಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ.

ಅಗಲ ಸರಿಯಾಗಿದ್ದರೆ ಎರಡು ಡಾಟ್‌ಗಳ ನಡುವಿನ ಟನೆಲ್ ಜೋಡಣೆಯನ್ನು (ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಎಷ್ಟು ಸುಲಭವಾಗಿ ದಾಟುತ್ತದೆ ಎಂಬುದನ್ನು) ನೋಡಿ. ಅದರ ಎರಡರಷ್ಟು ಶಕ್ತಿ ಫೋಟಾನಿನ ಶಕ್ತಿಗಿಂತ ಹೆಚ್ಚಿದ್ದರೆ ಇವೆರಡೂ ಎಂದೂ ಸಮನಾಗುವುದಿಲ್ಲ, ಶಿಖರ ಸರಿಯುವುದಷ್ಟೇ ಕಾಣುತ್ತದೆ. ನಡುವಿನ ಗೇಟ್‌ನಿಂದ ಇವನ್ನು ಸಮಗೊಳಿಸಿ, ಎರಡೂ ಡಾಟ್‌ಗಳ ಮಟ್ಟ ಒಂದೇ ಆಗಿರುವ ಬಿಂದುವಿನಲ್ಲಿ ಅಳೆಯಿರಿ. ವಿದ್ಯುದಂಶದ ಗದ್ದಲ ಅತಿ ಕಡಿಮೆ ತಟ್ಟುವುದು ಅಲ್ಲಿಯೇ.

ಮುಂದೆ ಎಲೆಕ್ಟ್ರಾನಿನ ಸ್ಪಿನ್ಅನ್ನು (ಅದರ ಕಾಂತೀಯ ಗುಣವನ್ನು) ಫೋಟಾನಿಗೆ ಜೋಡಿಸುವ ಉದ್ದೇಶವಿದ್ದರೆ ರೆಸೊನೇಟರ್‌ನ ಅತಿವಾಹಕ ಪದರದ ಆಯ್ಕೆಯನ್ನು ಈಗಲೇ ಮಾಡಿ. ಸ್ಪಿನ್ಅನ್ನು 6 ಗಿಗಾಹರ್ಟ್ಸ್ ಫೋಟಾನಿಗೆ ಸಮಗೊಳಿಸಲು ಸಿಲಿಕಾನ್‌ನಲ್ಲಿ ಸುಮಾರು 0.2 ಟೆಸ್ಲಾ ಕಾಂತಕ್ಷೇತ್ರ ಬೇಕು. ಪದರಕ್ಕೆ ಸಮಾನಾಂತರವಾಗಿ ಹಾಯಿಸಿದರೆ ತೆಳುವಾದ ನಯೋಬಿಯಂ ಟೈಟೇನಿಯಂ ನೈಟ್ರೈಡ್ ಅದನ್ನು ಸುಲಭವಾಗಿ ತಾಳುತ್ತದೆ.