ಟೆಂಟ್ ಹಾಕಲು ಹೊರಟವರ ಬುತ್ತಿಯಲ್ಲಿ ಏನೇನಿರಬೇಕು?

ಗಂಡ, ಹೆಂಡತಿ, ನಾಲ್ಕು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು. ಸಕಲೇಶಪುರದ ಹತ್ತಿರ ಪರಿಚಯದವರ ಕಾಫಿ ತೋಟದಲ್ಲಿ ಎರಡು ರಾತ್ರಿ ಟೆಂಟು. ಸಣ್ಣ ಗ್ಯಾಸ್ ಒಲೆ ಇದೆ, ಫ್ರಿಜ್ ಇಲ್ಲ. ಚಿಪ್ಸು, ಬಿಸ್ಕತ್ತು ಬಿಟ್ಟು ಆರೋಗ್ಯಕ್ಕೆ ಒಳ್ಳೆಯದೇನು ಒಯ್ಯಬಹುದು ಅಂತ ಕೇಳಿದ್ದೀರಿ.

ನಾನು ಬಾಗಲಕೋಟೆ ಕಡೆಯವಳು, ಈಗಿರುವುದು ಬೆಂಗಳೂರಿನಲ್ಲಿ. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಇಡೀ ಮನೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಊರು ನಮ್ಮದು. ಹಾಗಾಗಿ ಬುತ್ತಿಯ ವಿಷಯದಲ್ಲಿ ನನಗೆ ಭಾರಿ ಧೈರ್ಯ. ಅದು ಮೊದಲ ಸಲ ಟೆಂಟ್ ಹಾಕಿದಾಗಲೇ ಇಳಿಯಿತು. ಬೆಳಗಿನ ಜಾವ ಮಾಡಿದ ಬಿಸಿಬೇಳೆಬಾತನ್ನು ಹಬೆಯಾಡುತ್ತಿರುವಾಗಲೇ ಡಬ್ಬಿಗೆ ತುಂಬಿ ಗಟ್ಟಿಯಾಗಿ ಮುಚ್ಚಿದ್ದೆ. ರಾತ್ರಿ ತೆಗೆದಾಗ ವಾಸನೆ ಸ್ವಲ್ಪ ಬೇರೆ ಅನ್ನಿಸಿತು. ಏನಾಗಲ್ಲ ಬಿಡು ಅಂತ ಬಿಸಿ ಮಾಡಿ ಬಡಿಸಿದೆ. ಆ ರಾತ್ರಿ ಮಗ ಟಾರ್ಚ್ ಹಿಡಿದುಕೊಂಡು ಎಷ್ಟು ಸಲ ಎದ್ದನೋ, ಲೆಕ್ಕ ಇಡಲಿಲ್ಲ.

ಅಕ್ಕಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ, ಆಮೇಲೆ ಕುದಿಸಿದರೂ ಆ ವಿಷ ಹೋಗುವುದಿಲ್ಲ. ಅದಕ್ಕೇ ಈಗ ನಾನು ಒಣಗಿದ್ದನ್ನು ಮಾತ್ರ ಮನೆಯಿಂದ ಒಯ್ಯುತ್ತೇನೆ, ನೀರು ಸೇರಿಸುವುದು ಅಲ್ಲಿಗೆ ಹೋದ ಮೇಲೆ. ಹಸಿ ತೆಂಗಿನಕಾಯಿ ಹಾಕಿದ ಪಲ್ಯ, ಚಟ್ನಿ ಯಾವುದೂ ಬೇಡ, ಕೊಬ್ಬರಿ ಆದೀತು.

ದಾರಿಯ ಊಟಕ್ಕೆ ಚಪಾತಿ, ಒಣ ಪಲ್ಯ ಸಾಕು, ಮಧ್ಯಾಹ್ನದೊಳಗೆ ಮುಗಿಸಿಬಿಡಿ. ಅಲ್ಲಿಗೆ ಹೋದ ಮೇಲೆ ಕೈಹಿಡಿಯುವುದು ಖಡಕ್ ಜೋಳದ ರೊಟ್ಟಿ. ಜತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ನಮ್ಮ ಕಡೆ ಚಟ್ನಿಪುಡಿಗೆ ಹಿಂಡಿ ಅನ್ನುತ್ತಾರೆ), ಒಂದು ಸಣ್ಣ ಬಾಟಲಿ ತುಪ್ಪ, ಹೆಚ್ಚಿದ ಸೌತೆಕಾಯಿ. ಮಲೆನಾಡಿನ ತೇವಕ್ಕೆ ರೊಟ್ಟಿ ಮೆತ್ತಗಾಗುತ್ತದೆ, ಅದಕ್ಕೆ ಸ್ಟೀಲ್ ಡಬ್ಬಿಯಲ್ಲೇ ಇಡಿ. ಮೈಸೂರು ಕಡೆಯ ನನ್ನ ಗಂಡ ಮೊದಲ ದಿನ ಇದನ್ನು ಹಪ್ಪಳ ಅಂತ ರೇಗಿಸಿದ್ದರು. ಎರಡನೇ ದಿನ ಡಬ್ಬಿ ಅವರ ಪಕ್ಕದಲ್ಲೇ ಇತ್ತು.

ರಾತ್ರಿಗೆ ಬಿಸಿ ಪೊಂಗಲ್. ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ಹುರಿದ ಹೆಸರುಬೇಳೆ, ಜೀರಿಗೆ, ಮೆಣಸು, ಉಪ್ಪು, ಇಷ್ಟನ್ನೂ ಮನೆಯಲ್ಲೇ ಒಂದು ಚೀಲಕ್ಕೆ ಹಾಕಿಡಿ. ಕುಕ್ಕರಿಗೆ ಸುರಿದು ಆರೇಳು ಲೋಟ ನೀರು ಹಾಕಿದರೆ ನಾಲ್ಕು ಜನರ ಊಟ ಆಯಿತು. ಕ್ಯಾರೆಟ್, ಬೀನ್ಸ್ ಅಲ್ಲೇ ಹೆಚ್ಚಿ ಹಾಕಿ. ಎರಡು ರಾತ್ರಿಗೆ ಎರಡು ಚೀಲ.

ಬೆಳಿಗ್ಗೆ ಗೊಜ್ಜವಲಕ್ಕಿ. ತರಿಯಾಗಿ ಪುಡಿ ಮಾಡಿದ ಗಟ್ಟಿ ಅವಲಕ್ಕಿಗೆ ರಸಂ ಪುಡಿ, ಬೆಲ್ಲದ ಪುಡಿ, ಉಪ್ಪು, ಕೊಬ್ಬರಿ ಬೆರೆಸಿ ಒಯ್ಯಿರಿ. ಅಲ್ಲಿ ಹುಣಸೆನೀರು ಚಿಮುಕಿಸಿ ಕಾಲು ಗಂಟೆ ಬಿಟ್ಟರೆ ಸಾಕು, ಒಲೆ ಹಚ್ಚುವುದೇ ಬೇಡ. ಸಣ್ಣ ಮಗುವಿಗೆ ರಾಗಿ ಹುರಿಹಿಟ್ಟು, ಬೆಲ್ಲ, ಕಿವುಚಿದ ಬಾಳೆಹಣ್ಣು, ಬಿಸಿ ಹಾಲು. ರಾಗಿಯಲ್ಲಿರುವಷ್ಟು ಸುಣ್ಣದ ಅಂಶ ಅಕ್ಕಿ, ಗೋಧಿ ಎರಡರಲ್ಲೂ ಇಲ್ಲ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ. ಹಾಲಿಗೆ ನಂದಿನಿ ಗುಡ್‌ಲೈಫ್‌ನಂಥ ಪ್ಯಾಕೆಟ್ ಕೊಳ್ಳಿ, ಒಡೆಯುವ ತನಕ ಫ್ರಿಜ್ ಬೇಡ. ಚಿಕ್ಕ ಪ್ಯಾಕೆಟ್ಟೇ ಇರಲಿ, ಒಡೆದ ಮೇಲೆ ಉಳಿಸುವ ಹಾಗಿಲ್ಲ.

ಇನ್ನೊಂದು ಮಜಾ ಇದೆ. ಹೊರಡುವ ಹಿಂದಿನ ರಾತ್ರಿ ಹೆಸರುಕಾಳು ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಕಾರಿನಲ್ಲಿಟ್ಟುಕೊಳ್ಳಿ. ಸಂಜೆ ಗಂಟು ಬಿಚ್ಚುವಷ್ಟರಲ್ಲಿ ಬಾಲ ಮೂಡಿರುತ್ತದೆ. ಗಂಟು ಬಿಚ್ಚಲು ನಮ್ಮ ಮಕ್ಕಳಿಬ್ಬರೂ ಜಗಳವಾಡುತ್ತಾರೆ. ಹಸಿಯಾಗಿ ಕೊಡಬೇಡಿ, ಚೆನ್ನಾಗಿ ಬೇಯಿಸಿ ನಿಂಬೆಹಣ್ಣು ಹಿಂಡಿ. ಮೊಟ್ಟೆ ತಿನ್ನುವವರಾದರೆ ಹಸಿ ಮೊಟ್ಟೆಯನ್ನೇ ಅಕ್ಕಿ ಡಬ್ಬಿಯಲ್ಲಿ ಹುದುಗಿಸಿ ಒಯ್ಯಿರಿ, ಒಡೆಯುವುದಿಲ್ಲ; ಅಲ್ಲೇ ಬೇಯಿಸಿ, ಅಲ್ಲೇ ಸುಲಿಯಿರಿ.

ಕುರುಕಲಿಗೆ ಶೇಂಗಾ ಉಂಡೆ, ಹುರಿಗಡಲೆ, ಎಳ್ಳುಂಡೆ. ನಾಲ್ಕು ವರ್ಷದವರಿಗೆ ಇಡೀ ಕಡಲೆಬೀಜ, ಹುರಿಗಡಲೆ ಕೊಡಬೇಡಿ, ಓಡಾಡುತ್ತಾ ತಿಂದರೆ ಉಸಿರುನಾಳಕ್ಕೆ ಹೋಗುತ್ತದೆ. ಉಂಡೆಗೆ ಬೀಜವನ್ನು ನುಣ್ಣಗೆ ಪುಡಿ ಮಾಡಿಯೇ ಹಾಕಿ. ಹಣ್ಣಿಗೆ ಸೀಬೆ, ಮೂಸಂಬಿ, ಅರೆಗಾಯಿ ಏಲಕ್ಕಿ ಬಾಳೆ. ಪೂರ್ತಿ ಹಣ್ಣಾದ ಬಾಳೆ ಚೀಲದಲ್ಲೇ ರಸಾಯನವಾಗುತ್ತದೆ.

ಕುಡಿಯಲು 20 ಲೀಟರಿನ ಕ್ಯಾನ್ ಕಾರಿನಲ್ಲಿರಲಿ. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಕೊತಕೊತ ಕುದಿಸದೆ ಕುಡಿಯಬೇಡಿ. ಹೊಟ್ಟೆ ಕೆಟ್ಟರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಮಟ್ಟಸ ಟೀ ಚಮಚ ಉಪ್ಪು; ಓಆರ್‌ಎಸ್ ಪ್ಯಾಕೆಟ್ ಇದ್ದರೆ ಇನ್ನೂ ಒಳ್ಳೆಯದು. ಮಳೆ ಬಂತೆಂದು ಟೆಂಟಿನೊಳಗೆ ಒಲೆ ಹಚ್ಚಲೇಬೇಡಿ, ಬೆಂಕಿಯ ಭಯ ಒಂದಾದರೆ ವಿಷಗಾಳಿಯದು ಇನ್ನೊಂದು. ಮಳೆಯಾದರೆ ಗೊಜ್ಜವಲಕ್ಕಿಯೇ ರಾತ್ರಿಯೂಟ.

ನೂಡಲ್ಸ್ ಬೇಕೇ ಬೇಕು ಅಂತ ಮಕ್ಕಳು ಹಟ ಮಾಡುತ್ತಾರೆ. ಒಂದು ಹೊತ್ತು ಮಾಡಿಕೊಡಿ, ಮುಷ್ಟಿ ತುಂಬ ತರಕಾರಿ ಹಾಕಿ. ರಾತ್ರಿ ಎಲ್ಲ ಡಬ್ಬಿಗಳನ್ನೂ ಕಾರಿಗೆ ಹಾಕಿ ಬೀಗ ಹಾಕಿ. ನಮ್ಮ ಎರಡನೇ ಟ್ರಿಪ್ಪಿನಲ್ಲಿ ಅಷ್ಟೂ ಶೇಂಗಾ ಉಂಡೆ ತಿಂದದ್ದು ಕೋತಿಗಳು.