ಗಾಲ್ಫ್ ಪ್ರಶ್ನೋತ್ತರ: ಅಳತೆ ಕೊಟ್ಟು ಮಾಡಿಸಿದ ಡ್ರೈವರ್ ಕೋರ್ಸಿನಲ್ಲಿ ಕೈಕೊಟ್ಟರೆ

ಪ್ರಶ್ನೆ: ನನಗೆ 47 ವರ್ಷ, ಆಟದ ಮಟ್ಟ ಹೇಳುವ ಹ್ಯಾಂಡಿಕ್ಯಾಪ್ 16, ಬಲಗೈ ಆಟಗಾರ. ಮೂರು ತಿಂಗಳ ಹಿಂದೆ ಒಂದು ಒಳಾಂಗಣ ಸ್ಟುಡಿಯೊದಲ್ಲಿ ಒಂದೂವರೆ ಗಂಟೆ ಫಿಟ್ಟಿಂಗ್ (ಹೊಡೆತ ಅಳೆದು ಕ್ಲಬ್ ಹೊಂದಿಸುವುದು) ಮಾಡಿಸಿಕೊಂಡು ಹೊಸ ಡ್ರೈವರ್ (ದೂರ ಹೊಡೆಯುವ ಉದ್ದನೆಯ ಕ್ಲಬ್) ತೆಗೆದುಕೊಂಡೆ. ಹೆಡ್ಡಿನ ಲಾಫ್ಟ್ (ಮುಖದ ಓರೆ) 10.5 ಡಿಗ್ರಿ. ಸ್ಪಿನ್ (ಚೆಂಡಿನ ಹಿಮ್ಮುಖ ಸುತ್ತು) ಕಡಿಮೆ ಮಾಡಬೇಕೆಂದು ಸ್ಲೀವ್ (ಶಾಫ್ಟನ್ನು ಹೆಡ್ಡಿಗೆ ಕೂಡಿಸುವ ಭಾಗ) ತಿರುಗಿಸಿ 9.5ಕ್ಕೆ ಇಟ್ಟುಕೊಟ್ಟರು. 60 ಗ್ರಾಂನ ಸ್ಟಿಫ್ (ಕಡಿಮೆ ಬಾಗುವ) ಶಾಫ್ಟ್, ಉದ್ದ 45.75 ಇಂಚು. ಅಂದು ಕೊಟ್ಟ ಹಾಳೆಯಲ್ಲಿ ಕ್ಲಬ್ ವೇಗ ಗಂಟೆಗೆ 94 ಮೈಲಿ, ಚೆಂಡಿನ ವೇಗ 138, ಲಾಂಚ್ (ಚೆಂಡು ಮೇಲೇಳುವ ಕೋನ) 14 ಡಿಗ್ರಿ, ಸ್ಪಿನ್ ನಿಮಿಷಕ್ಕೆ 2300 ಸುತ್ತು, ಕ್ಯಾರಿ (ನೆಲ ತಾಗುವ ಮೊದಲು ಹಾರಿದ ದೂರ) 224 ಯಾರ್ಡ್ ಎಂದಿದೆ. ಕೋರ್ಸಿನಲ್ಲಿ 195 ದಾಟಿದರೆ ಹೆಚ್ಚು, ಹತ್ತರಲ್ಲಿ ಆರು ಬಲಕ್ಕೆ ಬಾಗುತ್ತವೆ. ಹಳೆಯ ಡ್ರೈವರೇ ವಾಸಿ ಅನ್ನಿಸುತ್ತಿದೆ. ಶಾಫ್ಟ್ ಬದಲಾಯಿಸಲೇ?
– ಓದುಗರು, ಬೆಂಗಳೂರು

ಉತ್ತರ: ಶಾಫ್ಟ್ ಬದಲಿಸುವ ಮಾತು ಸದ್ಯಕ್ಕೆ ಬೇಡ. ಅದು ಈ ಪಟ್ಟಿಯಲ್ಲೇ ಅತಿ ದುಬಾರಿ ಬಾಬತ್ತು. ಖರ್ಚಿಲ್ಲದೆ ನೋಡಬಹುದಾದದ್ದು ಇನ್ನೂ ನಾಲ್ಕೈದು ಇವೆ. ಬಲಕ್ಕೆ ಬಾಗುವ ಚೆಂಡು, ಕೆಳಕ್ಕೆ ತಿರುಗಿಸಿದ ಸ್ಲೀವ್, ಉದ್ದನೆಯ ಶಾಫ್ಟ್ – ಈ ಮೂರೂ ಒಂದೇ ಪತ್ರದಲ್ಲಿ ಬಂದಿರುವುದು ಕಾಕತಾಳೀಯ ಇರಲಾರದು.

ಮೊದಲು ಆ ಹಾಳೆ. 224 ಎನ್ನುವುದು ಎಲ್ಲ ಹೊಡೆತಗಳ ಸರಾಸರಿಯೋ, ಕೆಟ್ಟವನ್ನು ಅಳಿಸಿದ ಮೇಲಿನ ಸರಾಸರಿಯೋ, ಅಥವಾ ಅಂದಿನ ಒಂದೇ ಒಂದು ಒಳ್ಳೆಯ ಹೊಡೆತವೋ? ದರ್ಜಿ ಅಳತೆ ತೆಗೆಯುವಾಗ ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಅಂಗಿ ಆ ಹೊಟ್ಟೆಗೇ ಹೊಲಿದು ಬರುತ್ತದೆ. ಫಿಟ್ಟಿಂಗಿನಲ್ಲೂ ಅಷ್ಟೆ. ಮೂವತ್ತು ನಲವತ್ತು ಸಲ ಒಂದೇ ಕ್ಲಬ್ ಬೀಸಿ ಮೈ ಕಾದ ಮೇಲೆ ಬಂದ ಅಂಕಿಗಳಿಗೆ ಕ್ಲಬ್ ಹೊಂದಿಸಿರುತ್ತಾರೆ. ಕೋರ್ಸಿನಲ್ಲಿ ಡ್ರೈವರ್ ಕೈಗೆ ಬರುವುದು ಹದಿನೈದು ನಿಮಿಷಕ್ಕೊಮ್ಮೆ, ಅದೂ ಬೆಳಗಿನ ಆರೂವರೆಯ ಮೊದಲ ಟೀಯಲ್ಲಿ (ಹೋಲ್ ಆರಂಭಿಸುವ ಜಾಗದಲ್ಲಿ) ಮೈ ಇನ್ನೂ ಬಿಗಿಯಾಗಿರುವಾಗ. ಸ್ಟುಡಿಯೊಗೆ ಹೇಳಿ ಅಂದಿನ ಪೂರ್ತಿ ಪಟ್ಟಿ ತರಿಸಿಕೊಳ್ಳಿ, ಅಳಿಸಿದ ಹೊಡೆತಗಳೂ ಸೇರಿ. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಉಳಿದಿರುತ್ತವೆ.

ಅವರನ್ನು ಇನ್ನೆರಡು ಪ್ರಶ್ನೆ ಕೇಳಿ. ಸಿಮ್ಯುಲೇಟರಿನಲ್ಲಿ ಎತ್ತರ ಎಷ್ಟಕ್ಕೆ ಇಟ್ಟಿದ್ದರು? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಅದೇ ಹೊಡೆತ ಶೇ 3ರಿಂದ 3.5ರಷ್ಟು ಹೆಚ್ಚು ದೂರ ಹೋಗುತ್ತದೆ. 224 ಸಮುದ್ರಮಟ್ಟದ ಲೆಕ್ಕವಾಗಿದ್ದರೆ ಇಲ್ಲಿ ನಿಮಗೆ 230 ಸಿಗಬೇಕಿತ್ತು. ಆಗ ಕೊರತೆ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು. ಎರಡನೆಯದು, ಯಂತ್ರ ರೇಡಾರಿನದೋ ಕ್ಯಾಮೆರಾದ್ದೋ? ರೇಡಾರ್ ಆಗಿದ್ದರೆ ಒಳಾಂಗಣದಲ್ಲಿ ಚೆಂಡು ನಾಲ್ಕೈದು ಮೀಟರ್ ಹೋಗಿ ಪರದೆಗೆ ಬಡಿಯುತ್ತದೆ. ಅಷ್ಟರಲ್ಲಿ ಸ್ಪಿನ್ ನಂಬುವ ಹಾಗೆ ಅಳೆಯಬೇಕಾದರೆ ಚೆಂಡಿಗೆ ಲೋಹದ ಚುಕ್ಕಿ ಅಂಟಿಸಿರಬೇಕು. ಇಲ್ಲದಿದ್ದರೆ ಆ 2300 ಯಂತ್ರದ ಅಂದಾಜು, ಮತ್ತು ಆ ಅಂದಾಜಿನ ಮೇಲೆ ನಿಮ್ಮ ಲಾಫ್ಟ್ ಇಳಿದಿದೆ.

ನಿಮ್ಮ ಕಡೆಯಿಂದಲೂ ಒಂದು ಪರೀಕ್ಷೆ ಆಗಲಿ: 195 ಅಳೆದದ್ದು ಹೇಗೆ? ಜಿಪಿಎಸ್ ಗಡಿಯಾರ ತೋರಿಸುವುದು ಚೆಂಡು ನಿಂತ ಜಾಗದ ದೂರ, ಅಂದರೆ ಉರುಳಿದ್ದೂ ಸೇರಿ. ಒಣಗಿದ ಫೇರ್‌ವೇಯಲ್ಲಿ ಉರುಳಿ 195 ಆಗಿದ್ದರೆ ಕ್ಯಾರಿ 180ರ ಆಸುಪಾಸು. ಮಳೆಗಾಲದಲ್ಲಿ ಬಿದ್ದಲ್ಲೇ ಕೂತ ಚೆಂಡಾದರೆ ಕ್ಯಾರಿಯೇ 195.

ಇನ್ನು ಮುಖ್ಯ ವಿಷಯ, ಚೆಂಡು ಮುಖದ ಯಾವ ಜಾಗಕ್ಕೆ ತಾಗುತ್ತಿದೆ ಎನ್ನುವುದು. ಇದು ತಿಳಿಯದೆ ಡ್ರೈವರ್ ರಿಪೇರಿ ಮಾಡಹೊರಡುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ. ಒಂದು ವೈಟ್‌ಬೋರ್ಡ್ ಮಾರ್ಕರ್ ಸಾಕು. ಚೆಂಡಿನ ಮೇಲೆ ಕಡಲೆಬೇಳೆ ಗಾತ್ರದ ಕಪ್ಪು ಚುಕ್ಕಿ ಇಟ್ಟು, ಆ ಚುಕ್ಕಿ ಕ್ಲಬ್ ಮುಖದ ಕಡೆ ಬರುವ ಹಾಗೆ ಟೀ (ಚೆಂಡು ಕೂರಿಸುವ ಗೂಟ) ಮೇಲೆ ಕೂರಿಸಿ. ಹೊಡೆದ ಮೇಲೆ ಮುಖದಲ್ಲಿ ಅಚ್ಚು ಬಿದ್ದಿರುತ್ತದೆ. ಫೋನಿನಲ್ಲಿ ಫೋಟೊ ತೆಗೆದು, ಬಟ್ಟೆಯಿಂದ ಒರೆಸಿ, ಮುಂದಿನದು. ಅಭ್ಯಾಸದ ರೇಂಜಿನಲ್ಲಿ ಹತ್ತು ಚೆಂಡು, ಆದರೆ ಪ್ರತಿ ಡ್ರೈವರ್ ಹೊಡೆತದ ನಡುವೆ ಬೇರೆ ಕ್ಲಬ್ಬಾದ 7-ಐರನ್‌ನಿಂದ ಒಂದು ಹೊಡೆಯಬೇಕು. ಇಲ್ಲದಿದ್ದರೆ ಮತ್ತೆ ಸ್ಟುಡಿಯೊದ ಲಯವೇ ಬಂದುಬಿಡುತ್ತದೆ. ಆಮೇಲೆ ಕೋರ್ಸಿನಲ್ಲಿ, ಸ್ನೇಹಿತರ ಜೊತೆಗಿನ ಆಟದಲ್ಲಿ, ಐದಾರು ಹೋಲ್‌ಗಳಲ್ಲಿ ಇದನ್ನೇ ಮಾಡಿ.

ಅಚ್ಚುಗಳು ಹೀಲ್ ಕಡೆ, ಅಂದರೆ ಶಾಫ್ಟ್ ಕೂಡುವ ಬದಿಗೆ ಗುಂಪಾಗಿದ್ದರೆ ಬಲಕ್ಕೆ ಬಾಗುವುದಕ್ಕೆ ಅರ್ಧ ಉತ್ತರ ಸಿಕ್ಕಿತು. ಡ್ರೈವರಿನ ಮುಖ ಉಬ್ಬಿದೆ, ತೂಕದ ಕೇಂದ್ರ ಮುಖದಿಂದ ಹಿಂದಿದೆ. ಹಾಗಾಗಿ ಹೀಲಿಗೆ ತಾಗಿದಾಗ ಹೆಡ್ ತಿರುಗಿ, ಎರಡು ಹಲ್ಲುಚಕ್ರ ಒಂದನ್ನೊಂದು ತಿರುಗಿಸುವ ಹಾಗೆ, ಚೆಂಡಿಗೆ ಬಲಕ್ಕೆ ಬಾಗುವ ಸುತ್ತು ಕೊಡುತ್ತದೆ. ಟೋ ಕಡೆ, ಅಂದರೆ ಶಾಫ್ಟಿನಿಂದ ದೂರದ ಬದಿಗೆ ತಾಗಿದರೆ ಎಡಕ್ಕೆ. ಮುಖದ ಕೆಳಭಾಗಕ್ಕೆ ತಾಗಿದರೆ ಲಾಂಚ್ ಇಳಿದು ಸ್ಪಿನ್ ಏರುತ್ತದೆ, ಮೇಲ್ಭಾಗಕ್ಕೆ ತಾಗಿದರೆ ತದ್ವಿರುದ್ಧ. ನಡುಮಧ್ಯ ತಪ್ಪಿದಾಗ ವೇಗವೂ ಸೋರುತ್ತದೆ. ಹಾಳೆಯ 138ನ್ನು 94ರಿಂದ ಭಾಗಿಸಿದರೆ 1.47, ಅದು ಚೆನ್ನಾಗಿ ತಾಗಿದ ಹೊಡೆತದ ಅಂಕಿ. ಅದೇ ಬೀಸಿಗೆ 1.38 ಬಂದರೆ ಚೆಂಡಿನ ವೇಗ 130ಕ್ಕೆ ಇಳಿಯುತ್ತದೆ. ಒಂದು ಮೈಲಿಗೆ ಹೆಚ್ಚುಕಡಿಮೆ ಎರಡು ಯಾರ್ಡ್ ಲೆಕ್ಕ ಹಿಡಿದರೆ ಅಲ್ಲೇ ಹದಿನಾರು ಯಾರ್ಡ್ ಹೋಯಿತು, ಶಾಫ್ಟಿನ ತಪ್ಪು ಕಿಂಚಿತ್ತೂ ಇಲ್ಲದೆ.

ಕೆಳಭಾಗಕ್ಕೆ ತಾಗುತ್ತಿದ್ದರೆ ಟೀ ನೋಡಿ. ಸ್ಟುಡಿಯೊದಲ್ಲಿ ಮ್ಯಾಟಿನಿಂದ ಎದ್ದು ನಿಂತ ರಬ್ಬರ್ ಟೀ ಇರುತ್ತದೆ, ನಲವತ್ತು ಹೊಡೆತಕ್ಕೂ ಅದರ ಎತ್ತರ ಒಂದೇ. ಕೋರ್ಸಿನಲ್ಲಿ ಮರದ ಟೀಯನ್ನು ಹೆಬ್ಬೆರಳಿನಿಂದ ಒತ್ತುವಾಗ ಒಂದು ಕಡೆ ನೆಲ ಗಟ್ಟಿ, ಇನ್ನೊಂದು ಕಡೆ ಮೆತ್ತಗೆ. ಹತ್ತು ಮಿಲಿಮೀಟರ್ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಹೆಡ್ ನೆಲದ ಮೇಲಿಟ್ಟಾಗ ಚೆಂಡಿನ ಅರ್ಧಭಾಗ ಹೆಡ್ಡಿನ ನೆತ್ತಿಗಿಂತ ಮೇಲೆ ಕಾಣಬೇಕು. ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರುವ ಹಾಗಿಲ್ಲ, ಈಗಿನ 460 ಸಿಸಿ ಹೆಡ್‌ಗಳ ಎತ್ತರ 60 ಮಿ.ಮೀ. ಸುಮಾರು. ಆದ್ದರಿಂದ ಟೀ ನೆಲದಿಂದ 38 ಮಿ.ಮೀ., ಅಂದರೆ ಒಂದೂವರೆ ಇಂಚು ಮೇಲೆ ನಿಲ್ಲಬೇಕು. 70 ಮಿ.ಮೀ. ಟೀ ತೆಗೆದುಕೊಂಡು ತಲೆಯಿಂದ 38ಕ್ಕೆ ಪೆನ್ನಿನಲ್ಲಿ ಗೆರೆ ಎಳೆದಿಡಿ, ಗೆರೆಯವರೆಗೆ ಒತ್ತಿ. ಆ ಎತ್ತರ ಇಟ್ಟೂ ಅಚ್ಚು ಕೆಳಗೇ ಬೀಳುತ್ತಿದ್ದರೆ ಚೆಂಡು ನಿಮ್ಮ ನಿಲುವಿನಲ್ಲಿ ಹಿಂದೆ ಸರಿದಿದೆಯೇ ನೋಡಿ. ಎಡ ಹಿಮ್ಮಡಿಯ ನೇರಕ್ಕೆ ಇರಬೇಕು.

ಈಗ ಸ್ಲೀವ್. ಲಾಫ್ಟ್ ಬದಲಾಯಿಸುವ ಸ್ಲೀವ್ ಒಳಗೆ ಶಾಫ್ಟನ್ನು ಸ್ವಲ್ಪ ಓರೆ ಮಾಡುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಲಾಫ್ಟ್ ಇಳಿಸಿ ಕ್ಲಬ್ಬನ್ನು ನೆಲದ ಮೇಲೆ ಅದರ ಪಾಡಿಗೆ ಕೂರಿಸಿದರೆ ಮುಖ ಬಲಕ್ಕೆ ತೆರೆದುಕೊಳ್ಳುತ್ತದೆ, ಏರಿಸಿದರೆ ಎಡಕ್ಕೆ ಮುಚ್ಚಿಕೊಳ್ಳುತ್ತದೆ. ಮನೆಯಲ್ಲೇ ನೋಡಬಹುದು: ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಹೆಡ್ಡನ್ನು ನೆಲದ ಟೈಲ್ಸ್ ಗೆರೆಗೆ ಸರಿಯಾಗಿ ಇಳಿಸಿ. ಮುಖ ಗೆರೆಗೆ ನೇರವಾಗಿದೆಯೋ, ಬಲಕ್ಕೆ ನೋಡುತ್ತಿದೆಯೋ ಕಣ್ಣಿಗೇ ಕಾಣುತ್ತದೆ. ಹಾಗೇ ಹೊಡೆದರೆ ತೆರೆದ ಮುಖ. ಕೈಯಿಂದ ತಿರುಗಿಸಿ ನೇರ ಮಾಡಿಕೊಂಡರೆ ಲಾಫ್ಟ್ ಇಳಿದದ್ದು, ಮತ್ತು ಲಾಫ್ಟ್ ಕಡಿಮೆಯಾದಷ್ಟೂ ಅದೇ ತಪ್ಪಿಗೆ ಚೆಂಡು ಹೆಚ್ಚು ಬಾಗುತ್ತದೆ. ಸ್ಲೈಸ್, ಅಂದರೆ ಬಲಕ್ಕೆ ಬಾಗುವ ಹೊಡೆತ ಇರುವವರಿಗೆ ಎರಡೂ ಕಡೆ ನಷ್ಟ. ಮುಖ ಒಂದು ಡಿಗ್ರಿ ತೆರೆದಿದ್ದರೆ 200 ಯಾರ್ಡ್ ದೂರದಲ್ಲಿ ದಿಕ್ಕೇ ಸುಮಾರು ಮೂರೂವರೆ ಯಾರ್ಡ್ ತಪ್ಪುತ್ತದೆ, ಬಾಗುವುದು ಅದರ ಮೇಲೆ. 94 ಮೈಲಿ ವೇಗಕ್ಕೆ 9.5 ಲಾಫ್ಟ್ ಎನ್ನುವುದು, ನೇರವಾಗಿ ಹೇಳುವುದಾದರೆ, ಹಾಳೆಯ ಅಂಕಿ ಚೆನ್ನಾಗಿ ಕಾಣಲೆಂದು ಮಾಡಿದ ಹೊಂದಾಣಿಕೆ. ಪ್ರತಿ ಸಲ ನಡುಮಧ್ಯಕ್ಕೆ, ಮೇಲ್ಮುಖವಾಗಿ ಹೊಡೆಯುವವರಿಗೆ ಸರಿ. ಕೋರ್ಸಿನಲ್ಲಿ ಲಾಂಚ್ 14ರಿಂದ 10ಕ್ಕೆ ಇಳಿದು ಸ್ಪಿನ್ ಮಾತ್ರ 2300ರಲ್ಲೇ ಉಳಿದರೆ ಚೆಂಡು ಗಾಳಿಯಲ್ಲಿ ನಿಲ್ಲದೆ ಕುಸಿಯುತ್ತದೆ.

ಸ್ಲೀವನ್ನು 10.5ಕ್ಕೆ ವಾಪಸ್ ತನ್ನಿ. ಜೊತೆಗೆ ಬಂದ ಟಾರ್ಕ್ ರೆಂಚ್‌ನಿಂದಲೇ ಸ್ಕ್ರೂ ಬಿಚ್ಚಿ, ಹೆಡ್ ಪೂರ್ತಿ ಈಚೆಗೆ ತೆಗೆದು, ತಿರುಗಿಸಿ ಕೂರಿಸಿ, ರೆಂಚ್ ‘ಟಿಕ್’ ಎನ್ನುವವರೆಗೆ ಬಿಗಿ ಮಾಡಿ. ಸಾಮಾನ್ಯ ಅಲೆನ್ ಕೀ ಬಳಸಿದರೆ ಬಿಗಿ ಸಾಲದು, ಇಲ್ಲವೇ ಸ್ಕ್ರೂವಿನ ಥ್ರೆಡ್ ಸವೆಯುತ್ತದೆ. ಎರಡು ಸುತ್ತು ಆಡಿ. ಬಲಕ್ಕೆ ಬಾಗುವುದು ನಿಲ್ಲದಿದ್ದರೆ 11.5. ಹೆಡ್ಡಿನಲ್ಲಿ ಸರಿಸುವ ತೂಕ ಇದ್ದರೆ ಹೀಲ್ ಕಡೆಗೆ ಹಾಕುವುದು ಅದರ ಮುಂದಿನ ಹೆಜ್ಜೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಏಕೆಂದರೆ ಎರಡು ಮಾಡಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ಹೇಳಲಾಗದು.

ಹೀಲಿಗೆ ತಾಗುವುದು ಮುಂದುವರಿದರೆ ಉದ್ದದ ಮೇಲೆ ಸಂಶಯ. ಪರದೆಯ ಮುಂದೆ ಉದ್ದನೆಯ ಕ್ಲಬ್ ಒಂದೆರಡು ಮೈಲಿ ವೇಗ ಹೆಚ್ಚಿಸಿ ತೋರಿಸುತ್ತದೆ, ಕೋರ್ಸಿನಲ್ಲಿ ಅದನ್ನು ಮುಖದ ನಡುವೆ ತರುವುದೇ ಕಷ್ಟ. ಕತ್ತರಿಸುವ ಮೊದಲು ಹಿಡಿಯಲ್ಲಿ ಮುಕ್ಕಾಲು ಇಂಚು ಕೆಳಗೆ ಹಿಡಿದು ಆಡಿ, ಚುಕ್ಕಿಯ ಅಚ್ಚು ನಡುವಿಗೆ ಬರುತ್ತದೆಯೇ ನೋಡಿ. ಬಂದರೆ ಅರ್ಧ ಇಂಚು ಕತ್ತರಿಸಬಹುದು. ಆದರೆ ಅರ್ಧ ಇಂಚು ಹೋದರೆ ಸ್ವಿಂಗ್‌ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನ್ನಿಸುತ್ತದೆಂಬ ಅಳತೆ) ಮೂರು ಅಂಕ ಇಳಿದು ಹೆಡ್ ಹಗುರವಾಯಿತು ಅನ್ನಿಸುತ್ತದೆ. ಹೆಡ್ಡಿಗೆ ಎರಡು ಗ್ರಾಂ ಸೇರಿದರೆ ಒಂದು ಅಂಕ ವಾಪಸ್, ಆದ್ದರಿಂದ ಸುಮಾರು ಆರು ಗ್ರಾಂ ಸೀಸದ ಪಟ್ಟಿ ಅಥವಾ ಭಾರದ ಸ್ಕ್ರೂ ಬೇಕು. ಅಂಗಡಿಯವರು ಇದನ್ನು ಹೇಳದೆ ಬರೀ ಕತ್ತರಿಸಿ ಕೊಡುವುದುಂಟು.

ಕೊನೆಗೆ, ಕಟ್ಟಿಕೊಟ್ಟ ಕ್ಲಬ್ ಅಂದು ಹೊಡೆದ ಕ್ಲಬ್ಬೇ ಹೌದೇ ಎನ್ನುವುದು. ಪರೀಕ್ಷೆಗೆ ಕೊಟ್ಟ ಶಾಫ್ಟಿನ ಪೂರ್ತಿ ಹೆಸರು, ತೂಕ, ಉದ್ದವನ್ನು ನಿಮ್ಮದರ ಜೊತೆ ಹೋಲಿಸಿ. ‘ಸ್ಟಿಫ್’ ಎಂಬುದಕ್ಕೆ ಎಲ್ಲ ಕಂಪನಿಗಳಿಗೂ ಅನ್ವಯಿಸುವ ಮಾನದಂಡ ಇಲ್ಲ, ಒಬ್ಬರ ಸ್ಟಿಫ್ ಇನ್ನೊಬ್ಬರ ರೆಗ್ಯುಲರ್. ಹೆಡ್ ಮೇಲೆ ಕೆತ್ತಿದ ಲಾಫ್ಟ್ ಒಂದು ಡಿಗ್ರಿ ಆಚೀಚೆ ಇರುವುದು ಅಪರೂಪವಲ್ಲ, ಅಳೆಯುವ ಉಪಕರಣ ಇರುವ ಕಡೆ ಅಳೆಸಿ. ಇಷ್ಟೆಲ್ಲ ಆದಮೇಲೂ ಸರಿಹೋಗದಿದ್ದರೆ ಅಚ್ಚಿನ ಫೋಟೊಗಳನ್ನು ಹಿಡಿದು ಸ್ಟುಡಿಯೊಗೆ ಹೋಗಿ, ಮರುಪರೀಕ್ಷೆಯನ್ನು ಬಯಲಿನ ರೇಂಜಿನಲ್ಲಿ, ನೀವು ಆಡುವ ಚೆಂಡಿನಲ್ಲೇ ಮಾಡಿಸಿ. “ಡ್ರೈವರ್ ಸರಿಯಿಲ್ಲ” ಎಂದು ದೂರುವವರಿಗಿಂತ “ಹತ್ತರಲ್ಲಿ ಏಳು ಹೀಲಿಗೆ ತಾಗುತ್ತಿವೆ” ಎಂದು ತೋರಿಸುವವರ ಮಾತಿಗೆ ಫಿಟ್ಟರ್ ಬೇಗ ಕಿವಿಗೊಡುತ್ತಾರೆ.

ಪ್ರಶ್ನೆ: ಬೆಂಗಳೂರಿನಲ್ಲಿ ಫಿಟ್ಟಿಂಗ್ ಮಾಡಿಸಿದ ಡ್ರೈವರ್ ಮಂಗಳೂರಿನಲ್ಲಿ ಏಳೆಂಟು ಯಾರ್ಡ್ ಕಡಿಮೆ ಹೋಗುತ್ತಿದೆ. ಇಲ್ಲಿನ ಸೆಕೆಯ ಭಾರದ ಗಾಳಿ ಕಾರಣವೇ?
– ಓದುಗರು, ಮಂಗಳೂರು

ಉತ್ತರ: ಗಾಳಿ ದಟ್ಟ ಇರುವುದು ನಿಜ, ಆದರೆ ಸೆಕೆಯಿಂದಲ್ಲ, ಸಮುದ್ರಮಟ್ಟದಿಂದ. ತೇವ ತುಂಬಿದ ಗಾಳಿ ನಿಜಕ್ಕೂ ಒಣ ಗಾಳಿಗಿಂತ ಕೂದಲೆಳೆಯಷ್ಟು ಹಗುರ, ಏಕೆಂದರೆ ನೀರಾವಿ ಸಾರಜನಕ, ಆಮ್ಲಜನಕಗಳಿಗಿಂತ ಹಗುರ. ಬೆಂಗಳೂರಿನ 220 ನಿಮ್ಮಲ್ಲಿ 213ರ ಆಸುಪಾಸು ಬರಬೇಕು, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಡ್ರೈವರ್ ಮುಟ್ಟಬೇಡಿ. ಐರನ್‌ಗಳಿಗೂ ಇದೇ ಅನ್ವಯ, ಬೆಂಗಳೂರಿನ ದೂರದ ಪಟ್ಟಿ ಇಟ್ಟುಕೊಂಡು ನಿಮ್ಮ ಪಿಲಿಕುಳ ಕೋರ್ಸಿನಲ್ಲಿ ಆಡಿದರೆ ಚೆಂಡು ಗ್ರೀನ್ (ಕುಳಿ ಇರುವ ಹುಲ್ಲಿನ ಜಾಗ) ತಲುಪದೆ ಈಚೆಗೇ ಬೀಳುತ್ತದೆ.

ಪ್ರಶ್ನೆ: ಆಟದ ನಡುವೆ ಸ್ಲೈಸ್ ಶುರುವಾದರೆ ಸ್ಲೀವ್ ತಿರುಗಿಸಿಕೊಳ್ಳಬಹುದೇ?
– ಓದುಗರು, ಮೈಸೂರು

ಉತ್ತರ: ಇಲ್ಲ. ಗಾಲ್ಫ್ ನಿಯಮ 4.1a ಪ್ರಕಾರ ಸುತ್ತಿನ ನಡುವೆ ಬೇಕೆಂದೇ ಕ್ಲಬ್ಬಿನ ಗುಣ ಬದಲಾಯಿಸಿ ಅದರಿಂದ ಒಂದು ಹೊಡೆತ ಹೊಡೆದರೂ ಅನರ್ಹತೆ. ತಿರುಗಿಸಿ, ಹೊಡೆಯುವ ಮೊದಲೇ ನೆನಪಾಗಿ ಮೊದಲಿನ ಗುರುತಿಗೆ ತಂದಿಟ್ಟರೆ ದಂಡವಿಲ್ಲ. ಆಡುತ್ತ ಸ್ಕ್ರೂ ತಾನಾಗಿ ಸಡಿಲವಾದರೆ ಮೊದಲಿದ್ದ ಸ್ಥಾನಕ್ಕೇ ಬಿಗಿ ಮಾಡಬಹುದು.

ಪ್ರಶ್ನೆ: 48 ಇಂಚಿನ ಶಾಫ್ಟ್ ಹಾಕಿಸಿದರೆ ದೂರ ಸಿಗುವುದಿಲ್ಲವೇ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಯಮದ ಗರಿಷ್ಠ 48 ಇಂಚು. 2022ರ ಜನವರಿಯಿಂದ ಸ್ಪರ್ಧೆ ನಡೆಸುವವರು ಬಯಸಿದರೆ ಸ್ಥಳೀಯ ನಿಯಮದಿಂದ 46ಕ್ಕೆ ಇಳಿಸಬಹುದು, ಹೆಸರು ಕೊಡುವ ಮೊದಲು ಕೇಳಿಕೊಳ್ಳಿ. ಚೆನ್ನಾಗಿ ತಾಗಿದ ಒಂದು ಹೊಡೆತ ದೂರ ಹೋಗುತ್ತದೆ, ಉಳಿದವು ಮೇಲಿನ ಬೆಂಗಳೂರಿನ ಓದುಗರ ಚೆಂಡಿನ ಹಾದಿ ಹಿಡಿಯುತ್ತವೆ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ದೂರದ ಡ್ರೈವ್‌ಗೆ ಹೆಸರಾದವರಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಮಗಿಂತ ಎಷ್ಟೋ ದೂರ ಹೊಡೆಯುವವರ ನಡುವೆ ಆಡಿ ನಾಲ್ಕನೆಯವರಾದರು, ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ.

ಪ್ರಶ್ನೆ: ಹೊಸ ಡ್ರೈವರ್ ಅಲ್ಲಾಡಿಸಿದರೆ ಒಳಗೆ ‘ಕಟಕಟ’ ಸದ್ದು. ಒಡೆದಿದೆಯೇ?
– ಓದುಗರು, ಕೊಡಗು

ಉತ್ತರ: ಸಾಮಾನ್ಯವಾಗಿ ಒಳಗೆ ಕಳಚಿದ ಗಟ್ಟಿ ಅಂಟಿನ ಚೂರು, ದೂರಕ್ಕೆ ತೊಂದರೆ ಇಲ್ಲ. ಆದರೆ ಹೊಡೆದಾಗಿನ ನಾದವೇ ಬದಲಾಗಿದ್ದರೆ ಮುಖಕ್ಕೆ ವೈಟ್‌ಬೋರ್ಡ್ ಮಾರ್ಕರ್ ಬಳಿದು ಒರೆಸಿ. ಬಿರುಕಿದ್ದರೆ ಕಪ್ಪು ಗೆರೆ ಒಳಗೆ ಉಳಿದು ಕಾಣುತ್ತದೆ. ಸರಿಸುವ ತೂಕದ ಸ್ಕ್ರೂಗಳನ್ನೂ ರೆಂಚ್‌ನಿಂದ ಒಮ್ಮೆ ಬಿಗಿ ಮಾಡಿ. ಬರೀ ಅಂಟಿನ ಚೂರಾದರೆ ವಾರಂಟಿಯಲ್ಲಿ ಕೊಟ್ಟುಬಿಡಿ, ಅಂಗಡಿಯವರು ಹೆಡ್ ಒಳಗೆ ಜಿಗುಟು ಅಂಟು ಬಿಟ್ಟು ಚೂರನ್ನು ಒಂದು ಮೂಲೆಗೆ ಹಿಡಿದು ನಿಲ್ಲಿಸುತ್ತಾರೆ.